ವಿಹಾರದಲ್ಲಿ ಒಂದು ರವಿವಾರದ ಬೆಳಗು

ನಮ್ಮ ಶಾಲೆಯ ಹಿಂದಿನ ಗಲ್ಲಿಯ ತಿರುವಿನಲ್ಲಿ ಒಂದು ಚಿಕ್ಕ ಬುದ್ಧವಿಹಾರವಿರುವುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ನೀಲಿ ಬಣ್ಣದ ಬಾಗಿಲು, ಮಾಳಿಗೆಯ ಮೇಲೆ ಐದು ಬಣ್ಣದ ಪಟ್ಟಿಗಳುಳ್ಳ ಧ್ವಜ, ಮುಂದಿನ ಕಟ್ಟೆಯಲ್ಲಿ ಒಂದು ಎಳೆಯ ಅರಳಿಯ ಗಿಡ, ಇವು ಅದರ ಗುರುತು. ನಾವು ಊರು ಬಿಟ್ಟು ಮುಂಬಯಿಗೆ ಬಂದು, ಈ ಶಾಲೆಯಲ್ಲಿ ಪಾಠ ಹೇಳತೊಡಗಿ ಹನ್ನೊಂದು ವರ್ಷಗಳಾದವು. ದಿನಕ್ಕೆ ಎರಡು ಸಲ ಆ ಬಾಗಿಲ ಮುಂದೆಯೇ ಹಾಯ್ದು ಹೋಗಿದ್ದೇವೆ. ಒಳಗೆ ಕಾಲಿಟ್ಟುದು ಮಾತ್ರ ಈ ವರ್ಷವೇ ಮೊದಲು. ಇಷ್ಟು ಕಾಲ ಏಕೆ ಹೋಗಲಿಲ್ಲವೆಂದು ಯಾರಾದರೂ ಕೇಳಿದರೆ, ಹೇಳಲು ನಮ್ಮಲ್ಲಿ ತಕ್ಕ ಕಾರಣವಿಲ್ಲ.

ಹೋಗಲು ಕಾರಣವಾದ ಸಂಗತಿಯನ್ನು ಮೊದಲು ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ಬುದ್ಧನ ವಿಷಯ ಬಂದಿತು. ಆಗ ಒಬ್ಬ ಹುಡುಗನು ಮುಂದಿನ ಬೆಂಚಿನ ಹುಡುಗನನ್ನು, "ನೀವು ಬೌದ್ಧರಲ್ಲವೇ? ನಿಮ್ಮ ಮನೆಯಲ್ಲಿ ದೇವರೇ ಇಲ್ಲವಂತೆ. ಹಾಗಾದರೆ ಪರೀಕ್ಷೆಯ ದಿನ ಯಾರಿಗೆ ಕೈ ಮುಗಿಯುತ್ತೀ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದನು. ತರಗತಿಯೆಲ್ಲ ನಕ್ಕಿತು. ಆ ಇನ್ನೊಬ್ಬ ಹುಡುಗನು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯವನು. ಅವನ ತಂದೆತಾಯಿಗಳು ಬೆಳಗಾದರೆ ನಾಕಾದಲ್ಲಿ ನಿಂತು ಕಟ್ಟಡದ ಕೂಲಿಗೆ ಹೋಗುವವರು. ಅವನು ಏನೊಂದೂ ಹೇಳದೆ ಪುಸ್ತಕದ ಮೇಲೆ ತಲೆ ಬಗ್ಗಿಸಿದನು. ನಾವು ಮೇಜು ಕುಟ್ಟಿ, "ಸದ್ದು ಮಾಡಬೇಡಿರಿ" ಎಂದು ಗದರಿಸಿ ಪಾಠ ಮುಂದುವರಿಸಿದೆವು. ನಗು ನಿಂತಿತು, ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯಿತು. ನಿಜವನ್ನು ಹೇಳುವುದಾದರೆ, ಉತ್ತರ ನಮಗೂ ತಿಳಿದಿರಲಿಲ್ಲ.

ಮುಂದಿನ ವಾರ ಆ ಹುಡುಗನ ತಾಯಿ ಒಂದು ದಾಖಲೆ ಪತ್ರಕ್ಕಾಗಿ ಶಾಲೆಗೆ ಬಂದಿದ್ದರು. ಮಗನು ಮನೆಯಲ್ಲಿ ಹೇಳಿದ್ದನೆಂದು ತೋರುತ್ತದೆ. ಆಕೆ ದೂರು ಹೇಳಲಿಲ್ಲ. ಪತ್ರವನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ, "ಬರೋ ಐತಾರಕ್ಕ ಭಂತೇಜಿ ಬರ್ಲಿಕತ್ಯಾರ್ರಿ ಸರ್. ಹುಡುಗ್ರಿಗಿ ಕರ್ಕೊಂಡು ಬರ್ರಿ. ಕುಂತು ನೋಡಿದ್ರ ತಾನೇ ತಿಳೀತದ" ಎಂದರು. ಅಷ್ಟೇ ಮಾತು. ಆ ರವಿವಾರ ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ನಾವು ಹೋದೆವು. ಪ್ರಶ್ನೆ ಕೇಳಿದ ಹುಡುಗನೂ ಬಂದಿದ್ದನು. ಅಲ್ಲಿ ಕಂಡುದನ್ನೂ ಕೇಳಿ ತಿಳಿದುದನ್ನೂ ಈಗ ನಿಮಗೆ ವಿವರಿಸುತ್ತೇವೆ.

ವಿಹಾರದ ಒಳಗೆ

ಬಾಗಿಲಲ್ಲಿ ಪಾದರಕ್ಷೆಗಳನ್ನು ಸಾಲಾಗಿ ಬಿಟ್ಟು ಒಳಹೊಕ್ಕರೆ ಒಂದೇ ದೊಡ್ಡ ಕೋಣೆ. ನೆಲದ ಮೇಲೆ ಜಮಖಾನೆ ಹಾಸಿದ್ದರು. ಎದುರಿನ ಪೀಠದ ಮೇಲೆ ಕಣ್ಣುಗಳನ್ನು ಅರೆ ಮುಚ್ಚಿ ಕುಳಿತ ಬುದ್ಧನ ಮೂರ್ತಿ. ಅದರ ಪಕ್ಕದಲ್ಲಿ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರ ಭಾವಚಿತ್ರ. ಹೆಂಗಸರು ಬಿಳಿಯ ಸೀರೆ, ಗಂಡಸರು ಬಿಳಿಯ ಅಂಗಿ ಧರಿಸಿದ್ದರು. ವಂದನೆಯ ದಿನ ಗೃಹಸ್ಥರು ಬಿಳಿಯ ಬಟ್ಟೆ ಉಡುವುದು ವಾಡಿಕೆ. ಕಾವಿ ಬಣ್ಣದ ಚೀವರ ಭಿಕ್ಷುಗಳಿಗೆ ಮಾತ್ರ.

ಮೂರ್ತಿಯ ಮುಂದೆ ಮೂರು ವಸ್ತುಗಳಿದ್ದವು: ಹೂ, ಉರಿಯುವ ಮೇಣದಬತ್ತಿ, ಊದಿನಕಡ್ಡಿ. ನಾವು ಗುಡಿಗಳಲ್ಲಿ ಕಾಣುವ ಪೂಜೆಯಂತೆಯೇ ಇದೆಯಲ್ಲ ಎಂದು ನಮ್ಮ ಮಕ್ಕಳು ಪಿಸುಗುಟ್ಟಿದರು. ವಿಹಾರದ ಹಿರಿಯ ಉಪಾಸಕರೊಬ್ಬರು ಅದರ ಅರ್ಥವನ್ನು ತಿಳಿಸಿದರು. ಈಗ ಅರಳಿರುವ ಹೂ ಸಂಜೆಗೆ ಬಾಡುವುದು. ನಮ್ಮ ಶರೀರವೂ ಹಾಗೆಯೇ ಎಂಬುದನ್ನು ಅದು ನೆನಪಿಗೆ ತರುತ್ತದೆ. ದೀಪವು ತಿಳಿವಿನ ಗುರುತು. ಊದಿನಕಡ್ಡಿಯ ಪರಿಮಳ ಗಾಳಿ ಬೀಸಿದ ಕಡೆಗಷ್ಟೇ ಹೋಗುವುದು. ಸನ್ನಡತೆಯ ಪರಿಮಳ ಎಲ್ಲ ದಿಕ್ಕಿಗೂ ಹರಡುವುದು. ಬುದ್ಧನನ್ನು ಒಲಿಸಿಕೊಂಡು ಏನನ್ನಾದರೂ ಪಡೆಯುವ ಉದ್ದೇಶ ಇವುಗಳಲ್ಲಿ ಯಾವುದಕ್ಕೂ ಇಲ್ಲ.

ಹಿಂದಿನಿಂದಲೂ ಬೌದ್ಧರಲ್ಲಿ ಹುಣ್ಣಿಮೆ, ಅಮಾವಾಸ್ಯೆ ಮತ್ತು ಅಷ್ಟಮಿಗಳು ಉಪೋಸಥದ ದಿನಗಳು. ಅಂದು ಗೃಹಸ್ಥರು ವಿಹಾರಕ್ಕೆ ಬಂದು ಶೀಲಗಳನ್ನು ಸ್ವೀಕರಿಸಿ, ಉಪದೇಶ ಕೇಳಿ, ಧ್ಯಾನ ಮಾಡುತ್ತಾರೆ. ಆದರೆ ಮುಂಬಯಿಯಂತಹ ನಗರದಲ್ಲಿ ತಿಥಿಯನ್ನು ನೋಡಿ ರಜೆ ಕೊಡುವವರಾರು? ಒಂದು ದಿನದ ಕೂಲಿ ತಪ್ಪಿದರೆ ಅಂದಿನ ಒಲೆಗೆ ತೊಂದರೆಯಾಗುವ ಮನೆಗಳು ಅಲ್ಲಿ ಬಹಳ. ಆದುದರಿಂದ ಹುಣ್ಣಿಮೆಗಳನ್ನು ಬಿಡದೆ ಆಚರಿಸಿದರೂ, ವಾರದ ವಂದನೆಯನ್ನು ರವಿವಾರ ಇಟ್ಟುಕೊಂಡಿದ್ದಾರೆ.

ಶರಣು ಮತ್ತು ಶೀಲ

ಭಿಕ್ಷುಗಳು ಬಂದೊಡನೆ ಎಲ್ಲರೂ ಎದ್ದು ನಿಂತರು. ಅವರು ಬುದ್ಧನ ಮೂರ್ತಿಗೆ ಮೂರು ಸಲ ಮಣಿದು, ಪಕ್ಕದ ಆಸನದಲ್ಲಿ ಕುಳಿತ ಮೇಲೆ ಸಭೆಯೂ ಮೂರು ಸಲ ಮಣಿದು ಕುಳಿತಿತು. ಅವರಿಗೆ ಸುಮಾರು ಅರವತ್ತು ವಯಸ್ಸಿರಬಹುದು, ಮರಾಠಿ ಮಾತೃಭಾಷೆ. ಭಿಕ್ಷುಗಳನ್ನು ಇಲ್ಲಿ ಎಲ್ಲರೂ ಭಂತೇಜಿ ಎಂದು ಕರೆಯುವರು.

ಮೊದಲು ನಡೆದುದು ತ್ರಿಶರಣ. ಬುದ್ಧ, ಧಮ್ಮ, ಸಂಘ ಎಂಬ ಮೂರಕ್ಕೆ ಶರಣು ಹೋಗುವ ಮಾತನ್ನು ಮೂರು ಸಲ ಹೇಳುತ್ತಾರೆ. ಬುದ್ಧನೆಂದರೆ ದಾರಿಯನ್ನು ಕಂಡವನು. ಧಮ್ಮವೆಂದರೆ ಆ ದಾರಿ. ಸಂಘವೆಂದರೆ ಆ ದಾರಿಯಲ್ಲಿ ನಡೆಯುವವರ ಸಮುದಾಯ. ಈ ಮಾತುಗಳೆಲ್ಲ ಪಾಳಿ ಭಾಷೆಯಲ್ಲಿರುವುವು. ಪಾಳಿಯೆಂದರೆ ನಮಗೆ ತೀರ ದೂರದ ಭಾಷೆಯೆಂದು ತಿಳಿಯಬೇಡಿರಿ. ಸಂಸ್ಕೃತದ ಧರ್ಮವು ಅದರಲ್ಲಿ ಧಮ್ಮವಾಗುವುದು. ನಮ್ಮ ಹಳ್ಳಿಯವರು "ದಮ್ಮಯ್ಯ" ಎಂದು ಅಂಗಲಾಚುವಾಗ ಅದೇ ಶಬ್ದವನ್ನು ಆಡುತ್ತಾರೆ. ಸಂಸ್ಕೃತದ ಧ್ಯಾನವು ಪಾಳಿಯಲ್ಲಿ ಝಾನ. ಹಳಗನ್ನಡದಲ್ಲಿ ಅದರ ತದ್ಭವ ಜಾನ. ಇದೇ ಶಬ್ದವು ಬೌದ್ಧರೊಡನೆ ಚೀನಕ್ಕೆ ಹೋಗಿ ಛಾನ್ ಆಯಿತು, ಅಲ್ಲಿಂದ ಜಪಾನಿಗೆ ಹೋಗಿ ಝೆನ್ ಆಯಿತು. ವ್ಯಾಕರಣದ ಪಾಠದಲ್ಲಿ ತತ್ಸಮ ತದ್ಭವಗಳೆಂದರೆ ಆಕಳಿಸುವವರು ಇದನ್ನು ನೆನಪಿಡಬೇಕು.

ಬಳಿಕ ಪಂಚಶೀಲ. ಸಭೆಯು ಶೀಲಗಳನ್ನು ಕೊಡಬೇಕೆಂದು ತಾನಾಗಿ ಬೇಡಿದ ಮೇಲೆಯೇ ಭಿಕ್ಷುಗಳು ಅವನ್ನು ಹೇಳಿಕೊಡುವರು. ಕೇಳದವರ ಮೇಲೆ ಹೇರುವುದಿಲ್ಲ. ಜೀವಹಿಂಸೆ ಮಾಡದಿರುವುದು, ಕೊಡದುದನ್ನು ತೆಗೆದುಕೊಳ್ಳದಿರುವುದು, ಕೆಟ್ಟ ನಡತೆಯಿಂದ ದೂರವಿರುವುದು, ಸುಳ್ಳಾಡದಿರುವುದು, ಮೈಮರೆಸುವ ಮದ್ಯ ಮುಂತಾದುವನ್ನು ಸೇವಿಸದಿರುವುದು, ಇವೇ ಐದು. ಇವುಗಳ ಮಾತಿನ ರೀತಿ ನಮ್ಮ ಮನಸ್ಸಿಗೆ ಹಿಡಿಸಿತು. "ಹೀಗೆ ಮಾಡಬೇಡ" ಎಂದು ಯಾರೋ ಮೇಲಿನಿಂದ ಅಪ್ಪಣೆ ಮಾಡುವುದಿಲ್ಲ. "ಇದರಿಂದ ದೂರವಿರುವ ಶಿಕ್ಷಾಪದವನ್ನು ನಾನು ಕೈಕೊಳ್ಳುತ್ತೇನೆ" ಎಂಬ ಅರ್ಥದಲ್ಲಿ ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಹೇಳಿಕೊಳ್ಳುವರು. ಶಿಕ್ಷೆಯೆಂದರೆ ನಮಗೆ ಬೆತ್ತ ನೆನಪಾಗುವುದು. ಆದರೆ ಆ ಶಬ್ದದ ಮೂಲಾರ್ಥ ಕಲಿಕೆ. ಇಂದು ತಪ್ಪಿದರೆ ಮುಂದಿನ ವಾರ ಮತ್ತೆ ಕೈಕೊಳ್ಳುವುದು. ಲೆಕ್ಕ ತಪ್ಪಿದ ವಿದ್ಯಾರ್ಥಿಯು ಅದನ್ನು ಅಳಿಸಿ ಮತ್ತೆ ಮಾಡುವಂತೆ.

ಉಸಿರಿನ ಪಾಠ

ಆಮೇಲೆ ಧ್ಯಾನ. ಅಂದಿನ ಬೆಳಗಿನಲ್ಲಿ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಕುತೂಹಲದಿಂದ ಕಾದಿದ್ದುದು ಇದಕ್ಕೇ. ಬೆಳಕು ಕಂಡೀತು, ಮೈ ಹಗುರಾದೀತು ಎಂದು ಕೆಲವರು ಎಣಿಸಿದ್ದರು. ಭಿಕ್ಷುಗಳು ಮೊದಲೇ ಆ ಆಸೆಯನ್ನು ಬಿಡಿಸಿದರು. "ಇಲ್ಲಿ ಹೊಸದೇನೂ ಸಿಕ್ಕುವುದಿಲ್ಲ, ಹುಟ್ಟಿದಂದಿನಿಂದ ನಿಮ್ಮೊಡನೆ ಇರುವುದನ್ನೇ ನೋಡಬೇಕು" ಎಂದರು. ಅವರು ಹೇಳಿದುದು ಉಸಿರನ್ನು ಕುರಿತು.

ಈ ಧ್ಯಾನಕ್ಕೆ ಆನಾಪಾನಸತಿಯೆಂದು ಹೆಸರು. ಆನ ಅಪಾನವೆಂದರೆ ಉಸಿರಿನ ಬರುವಿಕೆ ಹೋಗುವಿಕೆ. ಸತಿಯೆಂದರೆ ಸ್ಮೃತಿ, ಅಂದರೆ ಎಚ್ಚರದ ನೆನಪು. ಪಾಳಿಯ ಮಜ್ಝಿಮ ನಿಕಾಯದಲ್ಲಿ ಇದೇ ಹೆಸರಿನ ಸುತ್ತವೊಂದಿದೆ. ವಿಧಾನ ಬಹು ಸರಳವಾದುದು. ಬೆನ್ನನ್ನು ನೆಟ್ಟಗೆ, ಆದರೆ ಬಿಗಿಯದೆ, ಇಟ್ಟು ಕುಳಿತುಕೊಳ್ಳಬೇಕು. ನೆಲದಲ್ಲಿ ಕೂಡಲಾರದವರು ಕುರ್ಚಿಯಲ್ಲಿ ಕುಳಿತರೂ ಆಗುವುದು. ಕಣ್ಣು ಮುಚ್ಚಿ, ಮೂಗಿನ ತುದಿಯಲ್ಲಿ ಗಾಳಿ ಸೋಕುವ ಸ್ಥಳಕ್ಕೆ ಗಮನ ಕೊಡಬೇಕು. ಉಸಿರು ದೀರ್ಘವಾಗಿದ್ದರೆ ದೀರ್ಘವೆಂದು ತಿಳಿಯಬೇಕು; ಹ್ರಸ್ವವಾಗಿದ್ದರೆ ಹ್ರಸ್ವವೆಂದು ತಿಳಿಯಬೇಕು. ಅದನ್ನು ತಡೆಯಲೂ ಬಾರದು, ಎಳೆಯಲೂ ಬಾರದು. ಪ್ರಾಣಾಯಾಮಕ್ಕೂ ಇದಕ್ಕೂ ಇರುವ ಭೇದ ಇದೇ: ಅಲ್ಲಿ ಉಸಿರನ್ನು ನಾವು ನಡೆಸುತ್ತೇವೆ, ಇಲ್ಲಿ ಅದು ನಡೆಯುವುದನ್ನು ನೋಡುತ್ತೇವೆ.

ಮನಸ್ಸು ನಿಲ್ಲದಿದ್ದರೆ ಎಣಿಸಬಹುದು. 5ನೆಯ ಶತಮಾನದ ಬುದ್ಧಘೋಷನು ಬರೆದ ವಿಸುದ್ಧಿಮಗ್ಗವೆಂಬ ಗ್ರಂಥದಲ್ಲಿ ಇದಕ್ಕೆ ಒಂದು ನಿಯಮವಿದೆ: ಎಣಿಕೆ ಐದಕ್ಕಿಂತ ಮೊದಲೇ ನಿಲ್ಲಬಾರದು, ಹತ್ತನ್ನು ಮೀರಬಾರದು. ಬಹಳ ಚಿಕ್ಕದಾದರೆ ಮನಸ್ಸು ಇಕ್ಕಟ್ಟಿನ ಕೊಟ್ಟಿಗೆಯಲ್ಲಿ ಕಟ್ಟಿದ ದನದಂತೆ ತೊಳಲುವುದು. ಬಹಳ ಉದ್ದವಾದರೆ ಗಮನ ಉಸಿರನ್ನು ಬಿಟ್ಟು ಸಂಖ್ಯೆಯನ್ನೇ ಹಿಡಿದುಕೊಳ್ಳುವುದು.

ಒಂದು ಸಣ್ಣ ಗಂಟೆ ಬಾರಿಸಿತು. ಇಪ್ಪತ್ತೈದು ನಿಮಿಷ ಕುಳಿತೆವು. ಹೊರಗೆ ತರಕಾರಿಯವನು ಕೂಗಿದನು. ಪಕ್ಕದ ಚಾಳಿನಲ್ಲಿ ಕುಕ್ಕರಿನ ಸೀಟಿ ಮೂರು ಸಲ ಕೇಳಿತು. ಲೋಕಲ್ ಗಾಡಿ ಹಾಯುವಾಗ ನೆಲ ಸಣ್ಣಗೆ ನಡುಗಿತು. ಆಗ ಭಿಕ್ಷುಗಳು ಮೆಲುದನಿಯಲ್ಲಿ, "ಸದ್ದಿನೊಡನೆ ಜಗಳವಾಡಬೇಡಿರಿ, ಕೇಳಿಸಿತೆಂದು ತಿಳಿದು ಮತ್ತೆ ಉಸಿರಿಗೆ ಬನ್ನಿರಿ" ಎಂದರು. ನಮ್ಮ ಅನುಭವವನ್ನು ಮುಚ್ಚಿಡದೆ ಹೇಳುತ್ತೇವೆ. ಮೊದಲ ನಾಲ್ಕು ಉಸಿರು ಸರಿಯಾಗಿ ಎಣಿಸಿದೆವು. ಅಷ್ಟರಲ್ಲಿ ಮನೆಬಾಡಿಗೆಯ ಯೋಚನೆ ಬಂದಿತು. ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟು ಕಣ್ಣ ಮುಂದೆ ನಿಂತಿತು. ಊರಿನಲ್ಲಿ ತಾಯಿಯ ಮಂಡಿನೋವು ಹೇಗಿದೆಯೋ ಎಂದು ಚಿಂತೆಯಾಯಿತು. ಹತ್ತರವರೆಗೆ ಒಂದೇ ಒಂದು ಸಲ ತಲುಪಿದೆವು. ಮಕ್ಕಳಲ್ಲಿ ಒಬ್ಬಳು ನಿದ್ರೆ ಹೋದಳು. ಒಬ್ಬನ ಕಾಲು ಜೋಮು ಹಿಡಿಯಿತು. ಇನ್ನೊಬ್ಬನು ಐವತ್ತಮೂರರವರೆಗೆ ಎಣಿಸಿದ್ದನೆಂದು ಹೆಮ್ಮೆಯಿಂದ ಹೇಳಿದಾಗ ಭಂತೇಜಿಯವರೇ ನಕ್ಕರು. "ಮನಸ್ಸು ಓಡಿಹೋದುದು ಸೋಲಲ್ಲ. ಓಡಿಹೋಗಿದೆಯೆಂದು ತಿಳಿದ ಆ ಗಳಿಗೆಯೇ ಧ್ಯಾನ. ನೂರು ಸಲ ಓಡಿದರೆ ನೂರು ಸಲ ಕರೆತನ್ನಿರಿ, ಬಯ್ಯದೆ" ಎಂದು ಸಮಾಧಾನ ಹೇಳಿದರು. ಪಾಠಕ್ಕೆ ಕುಳಿತಾಗಲೂ ಈ ಮಾತನ್ನು ಪ್ರಯೋಗಿಸಿ ನೋಡಿರೆಂದು ನಿಮಗೆ ನಮ್ಮ ಸೂಚನೆ.

ಕೊನೆಯ ಐದು ನಿಮಿಷ ಮೈತ್ರಿಯ ಭಾವನೆ. ಪಾಳಿಯಲ್ಲಿ ಇದಕ್ಕೆ ಮೆತ್ತಾ ಎನ್ನುವರು. ಇದರಲ್ಲಿ ಒಂದು ಕ್ರಮವಿದೆ. ಮೊದಲು ತಾನು ಸುಖವಾಗಿರಲೆಂದು ಹಾರೈಸಬೇಕು. ಅನಂತರ ತನಗೆ ಪ್ರಿಯರಾದವರನ್ನು ನೆನೆಯಬೇಕು. ಮೂರನೆಯದಾಗಿ, ಪ್ರಿಯನೂ ಅಲ್ಲದ, ವೈರಿಯೂ ಅಲ್ಲದ ಒಬ್ಬ ವ್ಯಕ್ತಿಯನ್ನು. ಎಲ್ಲಕ್ಕೂ ಕೊನೆಗೆ, ತನಗೆ ಆಗದವನನ್ನು. ವೈರಿಗೆ ಒಳಿತನ್ನು ಹಾರೈಸುವುದು ಕಷ್ಟವೆಂದು ಎಲ್ಲರೂ ಬಲ್ಲರು. ನಮಗೆ ಕಷ್ಟವಾದುದು ಮೂರನೆಯದು. ದಿನವೂ ಕಂಡು, ಹೆಸರು ಕೂಡ ಕೇಳದೆ ದಾಟಿಹೋಗುವ ಒಬ್ಬರನ್ನು ನೆನೆಯಿರಿ ಎಂದಾಗ, ಈ ವಿಹಾರದ ಬಾಗಿಲನ್ನು ಬೆಳಿಗ್ಗೆ ಗುಡಿಸುವ ಮುದುಕಿಯ ಮುಖ ನಮ್ಮ ಕಣ್ಣಿಗೆ ಕಟ್ಟಿತು. ಹನ್ನೊಂದು ವರ್ಷ ಆಕೆಯ ಪೊರಕೆಯನ್ನು ತಪ್ಪಿಸಿಕೊಂಡು ನಡೆದಿದ್ದೇವೆ. ಅಂದು ಆಕೆ ನಮ್ಮ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು.

ಭಿಕ್ಷುಗಳ ಉಪದೇಶ

ಮಕ್ಕಳು ಬಂದಿದ್ದುದರಿಂದ ಭಿಕ್ಷುಗಳು ಅಂದು ಪಂಚಶೀಲದಲ್ಲಿ ನಾಲ್ಕನೆಯದನ್ನು, ಅಂದರೆ ಮಾತನ್ನು, ತೆಗೆದುಕೊಂಡರು. ಮರಾಠಿಯಲ್ಲಿ ಆಡಿದರು; ತಿಳಿಯದ ಮಾತುಗಳನ್ನು ನಾವು ಮಕ್ಕಳಿಗೆ ಕನ್ನಡದಲ್ಲಿ ಹೇಳಿದೆವು. ಸುಳ್ಳು, ಚಾಡಿ, ಕಟುನುಡಿ, ಹುರುಳಿಲ್ಲದ ಹರಟೆ, ಈ ನಾಲ್ಕರಿಂದಲೂ ಬಾಯನ್ನು ಕಾಯುವುದೇ ಸಮ್ಯಕ್ ವಾಚೆಯೆಂದರು. ಒಂದು ಮಾತು ನಿಜವಾದರಷ್ಟೇ ಸಾಲದು. ಅದರಿಂದ ಹಿತವಾಗಬೇಕು, ಅದನ್ನು ಆಡುವ ಕಾಲವೂ ಸರಿಯಾಗಿರಬೇಕು.

ಆಮೇಲೆ ಒಂದು ಹಳೆಯ ಕಥೆ ಹೇಳಿದರು. ಭಾರದ್ವಾಜ ಗೋತ್ರದ ಒಬ್ಬ ಬ್ರಾಹ್ಮಣನು ಸಿಟ್ಟಿನಿಂದ ಬುದ್ಧನ ಬಳಿಗೆ ಬಂದು ಬಾಯಿಗೆ ಬಂದಂತೆ ಬಯ್ದನು. ಬುದ್ಧನು ಎಲ್ಲವನ್ನೂ ಕೇಳಿ, "ನಿಮ್ಮ ಮನೆಗೆ ನೆಂಟರು ಬರುವುದುಂಟೇ?" ಎಂದನು. ಉಂಟು ಎಂದನು ಅವನು. "ಅವರಿಗೆ ಊಟ ಬಡಿಸುವಿರಾ?" ಬಡಿಸುತ್ತೇವೆ. "ಅವರು ಅದನ್ನು ಸ್ವೀಕರಿಸದಿದ್ದರೆ ಆ ಅನ್ನ ಯಾರದಾಗುವುದು?" ನಮ್ಮದೇ ಆಗಿ ಉಳಿಯುವುದು. "ಹಾಗೆಯೇ ಈ ಬಯ್ಗುಳವನ್ನು ನಾನು ಸ್ವೀಕರಿಸಲಿಲ್ಲ" ಎಂದನಂತೆ ಬುದ್ಧ.

ನಮ್ಮ ತರಗತಿಯಲ್ಲಿ ನಡೆದುದು ಭಿಕ್ಷುಗಳಿಗೆ ತಿಳಿದಿರಲಿಲ್ಲ. ಆದರೂ ನಮ್ಮ ಹುಡುಗರಲ್ಲಿ ಕೆಲವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ, ಹಿಂದೆ ನಗಿಸಿದ್ದ ಹುಡುಗನೇ ಎದ್ದು ನಿಂತನು. "ಭಂತೇ, ಬೌದ್ಧರಿಗೆ ದೇವರಿಲ್ಲವೇ? ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಬುದ್ಧನಲ್ಲಿ ಬೇಡಿಕೊಳ್ಳಬಾರದೇ?" ಎಂದು ಕೈಮುಗಿದು ಕೇಳಿದನು. ಈ ಸಲ ಯಾರೂ ನಗಲಿಲ್ಲ.

ಭಿಕ್ಷುಗಳ ಉತ್ತರದ ಸಾರ ಇಷ್ಟು: "ಜಗತ್ತನ್ನು ಸೃಷ್ಟಿಸಿದ, ಬೇಡಿದುದನ್ನು ಕೊಡುವ ದೇವರೆಂದು ನಾವು ಬುದ್ಧನನ್ನು ಪೂಜಿಸುವುದಿಲ್ಲ. ಅವನು ಮನುಷ್ಯನಾಗಿ ಹುಟ್ಟಿ, ದುಃಖಕ್ಕೆ ಕಾರಣವನ್ನೂ ಅದನ್ನು ಕಳೆಯುವ ದಾರಿಯನ್ನೂ ಕಂಡು ಹೇಳಿದನು. ದಾದರ್ ನಿಲ್ದಾಣದಲ್ಲಿ ನಿಂತವನಿಗೆ ಕಲ್ಯಾಣದ ಗಾಡಿ ಯಾವ ಫ್ಲಾಟ್‌ಫಾರ್ಮಿಗೆ ಬರುವುದೆಂದು ಬಲ್ಲವನು ಹೇಳಬಹುದು. ಗಾಡಿ ಹತ್ತಬೇಕಾದವನು ಇವನೇ. ನಾವು ಬುದ್ಧನಿಗೆ ಮಣಿಯುವುದು ದಾರಿ ಹೇಳಿದವನಿಗೆ ಕೃತಜ್ಞತೆಯಿಂದ. ನಿನ್ನ ಪರೀಕ್ಷೆಯನ್ನು ಅವನು ಬರೆಯಲಾರ. ಆದರೆ ಅಂಜಿದ ಮನಸ್ಸನ್ನು ಶಾಂತಗೊಳಿಸುವ ಉಪಾಯವನ್ನು ಹೇಳಿದ್ದಾನೆ. ಅದನ್ನು ಈಗತಾನೆ ಕಲಿತೆಯಲ್ಲ!"

ವಿದ್ಯಾರ್ಥಿಗಳೇ, ಪ್ರಶ್ನೆ ಎರಡು ಸಲವೂ ಒಂದೇ ಆಗಿತ್ತು. ಮೊದಲ ಸಲ ನಗಿಸುವುದಕ್ಕಾಗಿ ಕೇಳಿದುದು. ಅದು ಒಬ್ಬನ ತಲೆಯನ್ನು ತಗ್ಗಿಸಿತು. ಎರಡನೆಯ ಸಲ ತಿಳಿಯುವುದಕ್ಕಾಗಿ ಕೇಳಿದುದು. ಅದು ಎಲ್ಲರಿಗೂ ಪಾಠವಾಯಿತು. ತಪ್ಪು ಆ ಹುಡುಗನದೊಂದೇ ಅಲ್ಲ. "ನನಗೂ ತಿಳಿಯದು, ತಿಳಿದುಕೊಳ್ಳೋಣ" ಎಂದು ಅಂದೇ ಹೇಳಬೇಕಾಗಿದ್ದ ನಾವು ಮೇಜು ಕುಟ್ಟಿದೆವು. ಗದರಿಕೆಯಿಂದ ನಗುವವರು ಸುಮ್ಮನಾದರು. ನೊಂದವನಿಗೆ ಏನೂ ಸಿಕ್ಕಲಿಲ್ಲ.

ದಾನದ ಅನ್ನ

ಉಪದೇಶ ಮುಗಿಯುವಾಗ ಸಭೆಯೆಲ್ಲ ಮೂರು ಸಲ "ಸಾಧು" ಎಂದಿತು. ಒಳಿತಾಯಿತು ಎಂದು ಒಪ್ಪಿ ಸಂತೋಷಪಡುವ ಮಾತು ಅದು. ಗಂಟೆ ಹತ್ತೂವರೆಯಾಗಿತ್ತು. ಭಿಕ್ಷುಗಳಿಗೆ ಊಟ ಬಡಿಸುವ ಸಿದ್ಧತೆ ನಡೆಯಿತು. ವಿನಯದ ನಿಯಮದಂತೆ ಭಿಕ್ಷುವು ಮಧ್ಯಾಹ್ನ ದಾಟಿದ ಮೇಲೆ ಮರುದಿನ ಅರುಣೋದಯದವರೆಗೆ ಊಟ ಮಾಡುವಂತಿಲ್ಲ. ಎದುರಿಗೆ ಅನ್ನವಿದ್ದರೂ ತಾನಾಗಿ ತೆಗೆದುಕೊಳ್ಳುವಂತಿಲ್ಲ. ಯಾರಾದರೂ ಕೈಯಿಂದ ಅರ್ಪಿಸಬೇಕು. ಭಿಕ್ಷುವಿಗೆ ಬೇಕಾದ ವಸ್ತುಗಳನ್ನು ಹಿಂದಿನವರು ಎಂಟೆಂದು ಎಣಿಸಿದ್ದಾರೆ: ಮೂರು ಚೀವರ, ಒಂದು ಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಹೀಗೆ ಭಿಕ್ಷುವು ಗೃಹಸ್ಥನ ಅನ್ನವನ್ನು ಅವಲಂಬಿಸುವನು, ಗೃಹಸ್ಥನು ಭಿಕ್ಷುವಿನ ತಿಳಿವನ್ನು ಅವಲಂಬಿಸುವನು. ಎರಡೂ ಕೈಗಳು ಕೂಡಿದರೆ ಸಂಘ.

ನಮ್ಮ ವಿದ್ಯಾರ್ಥಿಯ ತಾಯಿಯೂ ಒಂದು ಸ್ಟೀಲಿನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ತಂದು ಭಿಕ್ಷುಗಳ ಪಾತ್ರೆಗೆ ಹಾಕಿದರು. ಬಳಿಕ ನಮಗೆಲ್ಲ ಖೀರು ಹಂಚಿದರು. ಜ್ಞಾನೋದಯಕ್ಕೆ ಮೊದಲು, ಉಪವಾಸದಿಂದ ಕೃಶನಾಗಿದ್ದ ಗೌತಮನಿಗೆ ಸುಜಾತೆಯೆಂಬುವಳು ಹಾಲಿನ ಪಾಯಸವನ್ನು ಕೊಟ್ಟಳೆಂಬ ಕಥೆಯ ನೆನಪಿಗಾಗಿ ಖೀರು ಹಂಚುವ ರೂಢಿ ಬೆಳೆದಿದೆ. ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ತಿಂದರು. ಕೆಲವರು ಎರಡನೆಯ ಸಲವೂ ಹಾಕಿಸಿಕೊಂಡರು.

ನಮ್ಮ ನಾಡಿನ ನಂಟು

ಈ ನಗರದ ಇಷ್ಟೊಂದು ಮನೆಗಳಿಗೆ ಬೌದ್ಧಧರ್ಮ ಹೇಗೆ ಬಂದಿತೆಂಬುದನ್ನು ನೀವು ತಿಳಿದಿರಬೇಕು. ಅಸ್ಪೃಶ್ಯತೆಯ ಅವಮಾನವನ್ನು ಬಾಲ್ಯದಿಂದ ಉಂಡ ಅಂಬೇಡ್ಕರರು 1935ರಲ್ಲಿ ಯೇವಲೆಯಲ್ಲಿ, ಹಿಂದುವಾಗಿ ಹುಟ್ಟಿದರೂ ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದರು. ಇಪ್ಪತ್ತೊಂದು ವರ್ಷ ಅಭ್ಯಾಸ ಮಾಡಿ, ಯೋಚಿಸಿ, 1956ರ ಅಕ್ಟೋಬರ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದರು. ಅದೇ ವರ್ಷ ಡಿಸೆಂಬರ 6ರಂದು ಅವರು ನಿಧನ ಹೊಂದಿದರು. ಅವರ ಅಂತ್ಯಸಂಸ್ಕಾರವಾದ ಸ್ಥಳವೇ ದಾದರಿನ ಚೈತ್ಯಭೂಮಿ. ಅಂಬೇಡ್ಕರರು ಮುಂಬಯಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷಕ್ಕೆ ಕೃಷ್ಣಾಜಿ ಅರ್ಜುನ ಕೇಳೂಸ್ಕರರೆಂಬ ಮರಾಠಿ ಲೇಖಕರು ತಾವು ಬರೆದ ಬುದ್ಧಚರಿತ್ರೆಯ ಪ್ರತಿಯೊಂದನ್ನು ಅವರಿಗೆ ಕಾಣಿಕೆ ಕೊಟ್ಟಿದ್ದರು. ಕೇಳೂಸ್ಕರರು ಶಾಲೆಯ ಶಿಕ್ಷಕರಾಗಿದ್ದವರು. ಒಬ್ಬ ಶಿಕ್ಷಕನು ಒಬ್ಬ ಹುಡುಗನ ಕೈಗಿತ್ತ ಒಂದು ಪುಸ್ತಕ ಎಲ್ಲಿಯವರೆಗೆ ಹೋಯಿತೆಂಬುದನ್ನು ನೆನೆದಾಗ, ಮೇಜು ಕುಟ್ಟಿದ ನಮ್ಮ ಕೈ ನಮಗೇ ಸಣ್ಣದಾಗಿ ಕಂಡಿತು.

ಮುಂದಿನ ತಿಂಗಳು ಅದೇ ಮಕ್ಕಳನ್ನು ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಿಗೆ ಕರೆದೊಯ್ದೆವು. ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು ಅಲ್ಲಿವೆ. ಭಿಕ್ಷುಗಳು ಕೂಡಲು ಕಲ್ಲಿನ ಜಗಲಿ, ಮಳೆನೀರು ಹಿಡಿಯಲು ಕಲ್ಲಿನ ತೊಟ್ಟಿ ಇವೆ. ಅಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ನಮ್ಮ ಕವಿರಾಜಮಾರ್ಗದ ನೃಪತುಂಗನೇ ಅವನು. ಅವನ ಅಧೀನದಲ್ಲಿ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದ ಕಾಲದಲ್ಲಿ, ಗೌಡ ದೇಶದಿಂದ, ಅಂದರೆ ಬಂಗಾಳದಿಂದ, ಬಂದ ಅವಿಘ್ನಾಕರನೆಂಬ ಬುದ್ಧಭಕ್ತನು ಇಲ್ಲಿ ಧ್ಯಾನಕ್ಕೆ ತಕ್ಕ ಕೋಣೆಗಳನ್ನು ಮಾಡಿಸಿ, ಭಿಕ್ಷುಗಳ ಬಟ್ಟೆಗಾಗಿ ನೂರು ದ್ರಮ್ಮಗಳನ್ನು ಶಾಶ್ವತ ನಿಧಿಯಾಗಿ ಇಟ್ಟನು. ಬೇರೆ ನಾಡಿನಿಂದ ಈ ಕಡಲತೀರಕ್ಕೆ ಬಂದವರು ನಾವೇ ಮೊದಲಿಗರಲ್ಲ. ಬಂದವನೊಬ್ಬನು ಇತರರು ಸುಮ್ಮನೆ ಕುಳಿತು ಉಸಿರನ್ನು ನೋಡಲೆಂದು ಕೋಣೆ ಕಟ್ಟಿಸಿದನು.

ನೃಪತುಂಗನ ರಾಜಧಾನಿ ಮಾನ್ಯಖೇಟ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನ ದೊರೆತಿದೆ. ಅದರ ಸಮೀಪ ಭೀಮಾನದಿಯ ದಂಡೆಯ ಕನಗನಹಳ್ಳಿಯಲ್ಲಿ 20ನೆಯ ಶತಮಾನದ ಕೊನೆಯಲ್ಲಿ ಅಗೆದಾಗ ಒಂದು ಮಹಾಸ್ತೂಪದ ಅವಶೇಷಗಳು ಬೆಳಕಿಗೆ ಬಂದವು. ಅಲ್ಲಿನ ಒಂದು ಶಿಲಾಫಲಕದಲ್ಲಿ ಅಶೋಕನ ಆಕೃತಿಯೂ, ಅವನ ಹೆಸರು ಬ್ರಾಹ್ಮೀ ಲಿಪಿಯಲ್ಲಿಯೂ ಇದೆ. ಕಾನ್ಹೇರಿಯ ಕಲ್ಲು ಜಗಲಿಯ ಮೇಲೆ ಕುಳಿತು ನಾವು ಇದನ್ನು ಹೇಳುತ್ತಿರುವಾಗ, ತರಗತಿಯಲ್ಲಿ ಬಾಯಿ ಬಿಡದಿದ್ದ ಆ ಹುಡುಗನು, "ಸರ್, ಸನ್ನತಿ ನಮ್ಮೂರಿನ ಕಡೆಯೇ ಇದೆ. ಜಾತ್ರೆಗೆ ಹೋದಾಗ ಆ ಕಲ್ಲುಗಳನ್ನು ನಾನು ನೋಡಿದ್ದೇನೆ" ಎಂದನು. ಆಮೇಲೆ ಹೇಳುವವರು ನಾವಲ್ಲ, ಅವನು. ಮಿಕ್ಕವರು ಕೇಳಿದರು. ಅತಿ ಹೆಚ್ಚು ಪ್ರಶ್ನೆ ಕೇಳಿದವನು ಯಾರೆಂದು ನೀವೇ ಊಹಿಸಬಹುದು.

ಆ ವಿಹಾರಕ್ಕೆ ನೀವೂ ಹೋಗಬಹುದು. ಬಾಗಿಲು ಎಲ್ಲರಿಗೂ ತೆರೆದಿದೆ. ಬೌದ್ಧನಾಗಿಯೇ ಬರಬೇಕೆಂದು ಯಾರೂ ಕೇಳುವುದಿಲ್ಲ. ಪಾದರಕ್ಷೆಗಳನ್ನು ಹೊರಗೆ ಬಿಡಿರಿ. ಬುದ್ಧನ ಮೂರ್ತಿಯ ಕಡೆಗಾಗಲಿ ಭಿಕ್ಷುಗಳ ಕಡೆಗಾಗಲಿ ಕಾಲು ಚಾಚ ಬೇಡಿರಿ. ಮಂತ್ರ ಬಾರದಿದ್ದರೆ ಸುಮ್ಮನೆ ಕುಳಿತರೂ ಸಾಕು. ತಿಳಿಯದುದನ್ನು ಕೊನೆಯಲ್ಲಿ ಕೇಳಿರಿ. ಒಳಹೋಗುವಾಗ ಬಾಗಿಲು ಗುಡಿಸುತ್ತಿರುವ ಅಜ್ಜಿಯನ್ನು ಕಂಡರೆ ಮಾತನಾಡಿಸದೆ ಮುಂದೆ ಹೋಗಬೇಡಿರಿ. ಆಕೆಯ ಹೆಸರನ್ನು ನಾವು ಕೇಳಿ ತಿಳಿದಿದ್ದೇವೆ. ನೀವೂ ಕೇಳಿ ತಿಳಿಯಿರಿ.